ಮನೆಲಂಗರು

“ನಿಮ್ಮ ದೋಣಿ ದಂಡ್ಯಾಗ ಐತೆಲ್ರಿ” ಎಂದು ಫೋನಿನ ಆ ಕಡೆಯ ಗಂಡಸು ಹೇಳಿದಾಗ ಶೇವಂತಿ, ದೋಣಿ ಇರಬೇಕಾಗಿದ್ದ ಜಾಗದಲ್ಲೇ ನಿಂತಿದ್ದಳು. ಎಡಕ್ಕೆ ಸುಬ್ರಾಯನ ದೋಣಿ, ಬಲಕ್ಕೆ ಕೇರಿಯ ಉಳಿದ ದೋಣಿಗಳ ಸಾಲು. ನಡುವೆ ಒಂದು ದೋಣಿಯಷ್ಟು ಒದ್ದೆ ಮರಳು.

“ಇಲ್ಲ” ಎಂದಳು.

“ಹೆಂಗ ಇಲ್ಲ ಅಂತೀರಿ? ನನ್ನ ಮುಂದ ಚಿತ್ರ ಐತಿ. ಜಲದೀಪ, ಮರಳಕೇರಿ, ನೀಲಿ ಬಣ್ಣ. ಮೂತಿಗೆ ಚೆಂಡುಹೂವಿನ ಮಾಲಿ ಸೈತ ಕಾಣಾಕತ್ತೈತಿ.”

“ಇಲ್ಲ. ನಾ ಅಲ್ಲೇ ನಿಂತ್ಕಂಡು ಮಾತಾಡ್ತಾ ಇದ್ದೇನೆ.”

“ಗಂಡಸರು ದೋಣಿ ಎಳದು ಎಲ್ಲೆರ ಹೋಗಿರಬೇಕು. ಬರ್ತಾರ ಬಿಡ್ರಿ, ಹೆದರಬ್ಯಾಡ್ರಿ” ಎಂದು ಆತ ಮೆತ್ತಗೆ ಹೇಳಿದ. ಬೈಯಲಿಲ್ಲ. ನಿನ್ನೆಯಿಂದ ಅದೇ ಹೆಂಗಸು, ಅದೇ ಮಾತು. ಆದರೂ ಪ್ರತಿ ಸಲ ಕೊನೆಯಲ್ಲಿ ಹೆದರಬೇಡಿ ಎಂದು ಹೇಳಿಯೇ ಇಡುತ್ತಿದ್ದ.

ಶೇವಂತಿಗೆ ಹೆದರಿಕೆ ಇರಲಿಲ್ಲ. ಏನೂ ಇರಲಿಲ್ಲ. ಕೈ ಚಳಿಗೆ ಮರಗಟ್ಟಿದಾಗ ಸೂಜಿ ಚುಚ್ಚಿದರೂ ತಿಳಿಯದ ಹಾಗೆ ಮೈಯೆಲ್ಲ ಆಗಿತ್ತು. ಫೋನನ್ನು ಸೆರಗಿಗೆ ಒರೆಸಿಕೊಂಡು, ಮಳೆಯಲ್ಲಿ ನಿಂತಿದ್ದ ಲಂಗರನ್ನು ನೋಡಿದಳು.

ಮರಳಕೇರಿಯಲ್ಲಿ ಹೊಸ ದೋಣಿ ಮಾಡಿಸುವಾಗ ಕಮ್ಮಾರನಿಂದ ಎರಡು ಲಂಗರು ಹೊಡೆಸುತ್ತಾರೆ. ಒಂದು ದೋಣಿಯ ಜೊತೆ ನೀರಿಗೆ ಹೋಗುತ್ತದೆ. ಇನ್ನೊಂದು ದಡದಲ್ಲಿ ಉಳಿಯುತ್ತದೆ, ಅದು ಮನೆಲಂಗರು. ಅಗಲ ತಗಡಿನ ನಾಲ್ಕು ರೆಕ್ಕೆಗಳಿರುವ ಗಟ್ಟಿ ಕಬ್ಬಿಣದ್ದು. ದೋಣಿ ಅಲೆ ದಾಟಿದ ಕೂಡಲೇ ಮನೆಯ ಹೆಂಗಸು ಅದನ್ನು ದೋಣಿಯ ಜಾಗದಲ್ಲಿ, ಮೂತಿ ಇರುವ ಕಡೆ, ನೆಟ್ಟಗೆ ನಿಲ್ಲಿಸುತ್ತಾಳೆ. ದೋಣಿ ಬಂದ ಮೇಲೆ ಮಲಗಿಸುತ್ತಾಳೆ. ನಿಂತ ಲಂಗರನ್ನು ದೋಣಿ ಬರುವ ಮೊದಲು ಯಾರೂ ಮುಟ್ಟುವುದಿಲ್ಲ. ಮುಟ್ಟಿ ಎತ್ತಿದರೆ, ನೀರಿನ ಮೇಲಿರುವವನಿಗೆ ನಿನಗೆ ಇಲ್ಲಿ ಜಾಗವಿಲ್ಲ ಎಂದು ಹೇಳಿದ ಹಾಗೆ.

ಆಯುಧಪೂಜೆಯ ದಿನ ಕೇರಿಯ ಯಾವ ದೋಣಿಯೂ ನೀರಿಗಿಳಿದಿರಲಿಲ್ಲ. ಎಲ್ಲಕ್ಕೂ ಚೆಂಡುಹೂ ಕಟ್ಟಿ, ಎಂಜಿನ್ನಿಗೆ ಕುಂಕುಮ ಹಚ್ಚಿ ಸಾಲಾಗಿ ನಿಲ್ಲಿಸಿದ್ದರು. ಬಿಸಿಲೆಂದರೆ ಬಿಸಿಲು. ಮಾರನೆಯ ಬೆಳಗ್ಗೆ ಹೊರಟವು. ಮಧ್ಯಾಹ್ನ ಗಾಳಿ ತಿರುಗಿತು. ಒಂದೊಂದಾಗಿ ಎಲ್ಲವೂ ಹಿಂದಕ್ಕೆ ಬಂದವು, ಜಲದೀಪ ಬರಲಿಲ್ಲ. ಅದರಲ್ಲಿ ಮೂವರಿದ್ದರು: ಶೇವಂತಿಯ ಗಂಡ ಜಟ್ಟಿ, ಪಕ್ಕದ ಮನೆಯ ಹೊನ್ನಪ್ಪ, ಮತ್ತು ಕೇರಿಯ ಹಿರಿಯ ಸುಬ್ರಾಯನ ಮಗ ಪಾಂಡು.

ಹೆದ್ದಾರಿಗೆ ಗುಡ್ಡ ಕುಸಿದಿತ್ತು. ಪೊಲೀಸರು ಬರುವ ಹಾಗಿರಲಿಲ್ಲ. ಅಳಿವೆಯ ಬಾಯಲ್ಲಿ ಅಲೆ ಮನೆಯೆತ್ತರ ಏಳುತ್ತಿದ್ದುದರಿಂದ ಕೇರಿಯ ದೋಣಿಗಳು ಹುಡುಕಲು ಹೋಗುವ ಹಾಗೂ ಇರಲಿಲ್ಲ. ಹೋಗಬಲ್ಲದ್ದು ದೊಡ್ಡ ಹಡಗು ಮಾತ್ರ. ಅದಕ್ಕೆ ಹೇಳಬೇಕಾದವರು, ಆಕಾಶದಿಂದ ಕರಾವಳಿಯ ಚಿತ್ರ ತೆಗೆಯುವ ಧಾರವಾಡದ ಚಿತ್ರಕೇಂದ್ರದವರು. ಅವರ ಚಿತ್ರದಲ್ಲಿ ದೋಣಿ ದಡದಲ್ಲಿತ್ತು.

ಖಾಲಿ ಜಾಗದ ಫೋಟೋ ತೆಗೆದು ಕಳಿಸಿ ಎಂದಿದ್ದರು. ಕಳಿಸಿದಳು. ‘ನಿಮ್ಮ ಫೋಟೋ ಏಕಚಿತ್ರದೊಂದಿಗೆ ಹೊಂದುತ್ತಿಲ್ಲ, ಆದ್ದರಿಂದ ಸ್ವೀಕರಿಸಲಾಗಿಲ್ಲ’ ಎಂದು ಉತ್ತರ ಬಂತು.

ಮನೆಗೆ ಬಂದಾಗ ಒಲೆ ಉರಿಯುತ್ತಿತ್ತು. ಅವಳು ಹಚ್ಚಿದ್ದಲ್ಲ. ಹೊನ್ನಪ್ಪನ ಹೆಂಡತಿ ಕುಸುಮಿ ಬಂದು ಹಚ್ಚಿ, ಗಂಜಿಗೆ ನೀರಿಟ್ಟು ಹೋಗಿದ್ದಳು. ಅವಳ ಗಂಡನೂ ಅದೇ ದೋಣಿಯಲ್ಲಿದ್ದ.

*

ಚಿತ್ರಕೇಂದ್ರ ಇರುವುದು ಧಾರವಾಡದ ಹೊರಗಿನ ಗುಡ್ಡದ ಮೇಲೆ. ಅಲ್ಲಿಂದ ಕಾಣುವುದು ಹತ್ತಿ ಹೊಲ ಮತ್ತು ರೈಲುಹಳಿ. ಸಮುದ್ರವನ್ನು ಅಲ್ಲಿನವರು ಗೋಡೆಯಷ್ಟಗಲದ ಪರದೆಯಲ್ಲೇ ನೋಡುವುದು.

ಮುಮ್ತಾಜ್ ಸವಣೂರ ಬೆಸುಗೆ ವಿಭಾಗದಲ್ಲಿದ್ದಳು. ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಗೆ ಒಂದೊಂದಕ್ಕೆ ಒಂದೊಂದು ಕಣ್ಣು. ಒಂದು ಗೆರೆಗಳನ್ನು ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೆ ಬಣ್ಣ ತಿಳಿಯದು. ಇನ್ನೊಂದಕ್ಕೆ ಬಣ್ಣ ತಿಳಿಯುತ್ತದೆ, ಗೆರೆ ಮಸುಕು. ಎರಡಕ್ಕೂ ಮೋಡ ಅಡ್ಡ ಬಂದರೆ ಕುರುಡು. ಮೂರನೆಯದು ರೇಡಾರಿನ ಕಣ್ಣು. ಅದು ಮೋಡವನ್ನು ತೂರಿ ನೋಡುತ್ತದೆ, ಆದರೆ ಹಿಂದಕ್ಕೆ ತರುವುದು ಬರಿಯ ಬಿಳಿ ಕಪ್ಪು ಚುಕ್ಕೆಗಳನ್ನು. ಈ ಮೂರನ್ನೂ ಒಂದಕ್ಕೊಂದು ಬೆಸೆದು ಒಂದೇ ಒಂದು ಚಿತ್ರ ಮಾಡುವುದು ಅವಳ ವಿಭಾಗದ ಕೆಲಸ. ಅದೇ ಏಕಚಿತ್ರ. ದಿನಕ್ಕೆರಡು ಸಲ, ಉಪಗ್ರಹಗಳ ಬೆಳಗಿನ ಸುತ್ತು ಬಂದಾಗ ಒಮ್ಮೆ, ಸಂಜೆಯ ಸುತ್ತು ಬಂದಾಗ ಒಮ್ಮೆ, ಇಡೀ ಕರಾವಳಿ ಪರದೆಯ ಮೇಲೆ ಹೊಸದಾಗುತ್ತಿತ್ತು.

ಮೊದಲೆಲ್ಲ ಮೋಡದ ದಿನ ಚಿತ್ರದ ತುಂಬ ಬೂದುಬಣ್ಣದ ತೂತುಗಳಿರುತ್ತಿದ್ದವು. ಜನ ಫೋನು ಮಾಡಿ ಬೈಯುತ್ತಿದ್ದರು. ಆ ತೂತುಗಳನ್ನು ಮುಚ್ಚುವ ವಿಧಾನ ಕಂಡುಹಿಡಿದವಳು ಮುಮ್ತಾಜ್. ದಡದ ಮೇಲಿನ ಫೈಬರ್ ದೋಣಿ ರೇಡಾರಿಗೆ ಕಾಣುವುದಿಲ್ಲ. ಅದರ ಎಂಜಿನ್ನಿನ ಕಬ್ಬಿಣ ಮಾತ್ರ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಸಾವಿರಾರು ಬಿಸಿಲಿನ ದಿನಗಳ ಚಿತ್ರ ತೋರಿಸಿ ಅವಳು ಯಂತ್ರಕ್ಕೆ ಕಲಿಸಿದ್ದು ಇಷ್ಟು: ದೋಣಿ ನಿಲ್ಲುವ ಜಾಗದಲ್ಲಿ ಚುಕ್ಕೆ ಕಂಡರೆ ದೋಣಿ ಇದೆ ಎಂದು ತಿಳಿ, ಹಿಂದಿನ ಬಿಸಿಲಿನ ದಿನದ ದೋಣಿಯನ್ನು ತಂದು ಅಲ್ಲಿ ಕೂರಿಸು. ಚುಕ್ಕೆ ಇಲ್ಲದಿದ್ದರೆ ಮರಳು ತೋರಿಸು. ಕೆಲಸ ಚೆನ್ನಾಗಿ ನಡೆಯಿತು. ಅದಕ್ಕೆ ಬಹುಮಾನವಾಗಿ ಬಂದ ಹಿತ್ತಾಳೆಯ ಒಂದು ಫಲಕವೂ ಅವಳ ಮೇಜಿನ ಮೇಲೆ ಇತ್ತು. ಅದರ ಮೇಲೆ ಅವಳು ಲೋಟ ಇಡುತ್ತಿದ್ದಳು.

ಸಹಾಯವಾಣಿಯಲ್ಲಿ ಕೂರುವ ರಾಯಪ್ಪ ನಡುವಯಸ್ಸಿನವನು. ಚಹಾದ ಹೊತ್ತಿಗೆ ಅವಳ ಮೇಜಿನ ಹತ್ತಿರ ಬಂದು ನಿಂತ.

“ಮೇಡಮ್ಮರ, ಒಂದ ಹೆಣಮಗಳು ನಿನ್ನಿಯಿಂದ ಫೋನ್ ಹಚ್ಚಾಕತ್ತಾಳ. ಅಳಂಗಿಲ್ಲ, ಬೈಯಂಗಿಲ್ಲ. ದೋಣಿ ಇಲ್ಲ ಅಂತಾಳ, ಅಷ್ಟ. ಚಿತ್ರದಾಗ ನೋಡಿದ್ರ ಐತಿ.”

“ಗಾಬರಿ ಆಗಿರಬೇಕು.”

“ಗಾಬರಿ ಆದವ್ರ ದನಿ ನಾ ಕೇಳೇನ್ರಿ. ಇದು ಆ ದನಿ ಅಲ್ಲ. ನೋಡ್ರಿ ಒಂದೀಟು. ನನ್ನ ಸಮಾಧಾನಕ್ಕ.”

ಮುಮ್ತಾಜ್ ಮರಳಕೇರಿಯನ್ನು ದೊಡ್ಡದು ಮಾಡಿದಳು. ಸಾಲಾಗಿ ದೋಣಿಗಳು, ಎಲ್ಲದರ ಮೂತಿಯಲ್ಲೂ ಕಿತ್ತಳೆಬಣ್ಣದ ಗೆರೆ. ಹೊರಗೆ ಬಿರುಗಾಳಿ, ಚಿತ್ರದಲ್ಲಿ ಇನ್ನೂ ಬಾಡದ ಹಬ್ಬದ ಹೂ. ಅದು ತಪ್ಪಲ್ಲ, ಅದು ಹಾಗೆಯೇ ಇರಬೇಕಾದ್ದು. ಬಣ್ಣ ಹಬ್ಬದ ದಿನದ್ದು, ಹೊಸತು ಎಂದರೆ ಚುಕ್ಕೆ ಮಾತ್ರ. ಅವಳು ಬಣ್ಣವನ್ನು ತೆಗೆದು ಬರಿಯ ರೇಡಾರ್ ಪದರ ತೆರೆದಳು. ಕಪ್ಪಿನ ಮೇಲೆ ಬಿಳಿ ಚುಕ್ಕೆಗಳ ಸಾಲು, ದೋಣಿಗೊಂದು. ಜಲದೀಪದ ಚುಕ್ಕೆಯೂ ಇತ್ತು.

ಲೆಕ್ಕ ಸರಿಯಾಗಿದೆ ಎಂದು ಮುಚ್ಚಲು ಹೋದವಳು ಸುಮ್ಮನೆ ಮತ್ತೊಮ್ಮೆ ನೋಡಿದಳು. ಎಲ್ಲ ಚುಕ್ಕೆಗಳೂ ನೀರಿನ ಕಡೆಗೆ, ದೋಣಿಯ ಹಿಂಭಾಗದಲ್ಲಿದ್ದವು. ಒಂದೇ ಒಂದು ಚುಕ್ಕೆ ಊರ ಕಡೆಗೆ ಸರಿದಿತ್ತು.

“ರಾಯಪ್ಪ, ದೋಣಿಗೆ ಎಂಜಿನ್ ಎಲ್ಲಿ ಕಟ್ತಾರ?”

“ಹಿಂದ, ಮತ್ತೆಲ್ಲಿ? ಮೂತಿಗೆ ಯಾರು ಕಟ್ತಾರ್ರಿ?”

ಮುಮ್ತಾಜಳ ಲೋಟದಲ್ಲಿ ಚಹಾ ಕೆನೆಗಟ್ಟಿತು. ಅವಳು ರಾಯಪ್ಪನಿಂದ ನಂಬರು ತೆಗೆದುಕೊಂಡಳು.

*

“ನನ್ನ ಹೆಸರು ಮುಮ್ತಾಜ್ ಅಂತ್ರೀ. ಚಿತ್ರಕೇಂದ್ರದಾಗ ಕೆಲಸ ಮಾಡ್ತೀನಿ. ನೀವು ಶೇವಂತಿ ಅವರೇನ್ರಿ?”

“ಹೌದು.”

“ಊಟಾ ಮಾಡೀರೇನ್ರಿ?”

ಶೇವಂತಿ ಯೋಚಿಸಿದಳು. ತಟ್ಟೆಯ ಮುಂದೆ ಕೂತ ನೆನಪಿತ್ತು. ಎದ್ದ ನೆನಪಿತ್ತು. “ಗೊತ್ತಿಲ್ಲ” ಎಂದಳು.

ಆ ಹೆಂಗಸು ಮತ್ತೆ ಕೇಳಿದಳು: “ನಿಮ್ಮ ದೋಣಿ ನಿಲ್ಲೋ ಜಾಗಾದಾಗ ಈಗ ಏನದ ರೀ?”

ದೋಣಿ ಇದೆ ಎಂದು ಹೇಳದೆ, ಏನಿದೆ ಎಂದು ಕೇಳಿದವರಲ್ಲಿ ಅವಳೇ ಮೊದಲಿಗಳು.

“ಮರಳು. ಮನೆಲಂಗರು.”

“ಲಂಗರು ಅಂದ್ರ ಕಬ್ಬಿಣದ್ದಾ? ಮೂತಿ ಇರೋ ಕಡೆ ನಿಂತದ?”

“ಹೌದು. ನಾನೇ ನಿಲ್ಸಿದ್ದು.”

“ಎಷ್ಟ ರೆಕ್ಕಿ ಅವ ಅದಕ್ಕ?”

“ನಾಕು. ಅಗಲದ್ದು.”

ಅಡ್ಡಡ್ಡ ಸೇರಿಸಿದ ತಗಡಿನ ಮೂಲೆಗೆ ರೇಡಾರಿನ ಅಲೆ ಬಡಿದರೆ ಬಂದ ದಾರಿಯಲ್ಲೇ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಒಂದು ಎಂಜಿನ್ನಿನಷ್ಟೇ ಹೊಳೆಯುತ್ತದೆ. ಮುಮ್ತಾಜ್ ಇದನ್ನು ಕಾಲೇಜಿನಲ್ಲಿ ಓದಿದ್ದಳು. ಲಂಗರು ಎಂಬ ಮಾತು ಮಾತ್ರ ಆ ಪುಸ್ತಕದಲ್ಲಿರಲಿಲ್ಲ.

“ನಾನು ಮತ್ತ ಫೋನ್ ಮಾಡ್ತೀನಿ. ನೀವು ಏನಾರ ತಿನ್ರಿ” ಎಂದಳು.

ಕೇಂದ್ರದ ಮುಖ್ಯಸ್ಥ ವೀರಭದ್ರ ಇಟಗಿ ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀ ಹೇಳೂದು ಖರೇನ ಇರಬೇಕು.”

“ಹಂಗಾದ್ರ ಚಿತ್ರದಾಗ ಆ ದೋಣಿ ತಗೀತೀನಿ ಸರ್. ಹಡಗಿನ ಯಾದಿಗೆ ಹೋಗ್ತದ.”

“ಕೈ ಹಚ್ಚೂ ಹಂಗಿಲ್ಲ, ಮುಮ್ತಾಜ್. ಗೊತ್ತದಲಾ ನಿನಗ.”

ಗೊತ್ತಿತ್ತು. ಚಿತ್ರಕ್ಕೆ ಮನುಷ್ಯರ ಕೈ ತಾಗಬಾರದು, ಅದರ ಮೇಲಿನ ನಂಬಿಕೆ ನಿಂತಿದ್ದೇ ಅದರಿಂದ. ಹಿಂದೊಮ್ಮೆ ಬಿರುಗಾಳಿಯಲ್ಲಿ, ಮಂತ್ರಿಯೊಬ್ಬರು ಫೋನು ಮಾಡಿ ಹೇಳಿದ್ದಕ್ಕೆ ಹಡಗನ್ನು ಒಂದು ದೋಣಿ ಹುಡುಕಲು ಕಳಿಸಿದ್ದರು. ಆ ದೋಣಿ ಬೇರೆ ಬಂದರಿನಲ್ಲಿ ಸುಖವಾಗಿತ್ತು. ಹುಡುಕದೆ ಉಳಿದ ಇನ್ನೊಂದು ದೋಣಿಯವರು ಮುಳುಗಿದರು. ಅಂದಿನಿಂದ ಹಡಗುಗಳು ಹುಡುಕಬೇಕಾದ ದೋಣಿಗಳ ಪಟ್ಟಿಯನ್ನು, ಆ ಯಾದಿಯನ್ನು, ಚಿತ್ರವೇ ತಯಾರಿಸುತ್ತದೆ. ಯಾವ ದೋಣಿ ಯಾವ ದಡದಲ್ಲೂ ಇಲ್ಲವೋ ಅದರ ಹೆಸರು ತಾನಾಗಿಯೇ ಸೇರುತ್ತದೆ.

“ಇವತ್ತ ನೀ ಒಂದು ದೋಣಿ ತಗದಿ ಅಂದ್ರ, ನಾಳೆ ಮತ್ತೊಬ್ಬ ಒಂದ ಮನಿ ತಗೀತಾನ” ಎಂದರು ಇಟಗಿ. ಗದರಿಸಲಿಲ್ಲ. ಫೋನೆತ್ತಿ ಹಡಗಿನ ಅಧಿಕಾರಿಗೆ ಸ್ವತಃ ಹೇಳಿ ನೋಡಿದರು. ಇರುವುದು ಎರಡು ಹಡಗು, ಯಾದಿಯಲ್ಲಿ ಇನ್ನೂ ಸಿಗದ ದೋಣಿಗಳಿವೆ, ದಡದಲ್ಲಿ ಕಾಣುವ ದೋಣಿಗಾಗಿ ಅವರನ್ನು ಬಿಟ್ಟು ಬರಲೇ ಎಂದು ಆತ ಕೇಳಿದ. ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಫೋನಿಟ್ಟು ಅವರು ಪರದೆಯನ್ನು ನೋಡುತ್ತ ಕೂತರು. “ಚಿತ್ರಕ್ಕ ಕೈ ಹಚ್ಚೂ ಹಂಗಿಲ್ಲ. ನೆಲಕ್ಕ ಹಚ್ಚಬಹುದು” ಎಂದರು. “ಸಂಜೀ ಸುತ್ತಿಗೆ ಆ ಚುಕ್ಕಿ ಇರಲಿಲ್ಲ ಅಂದ್ರ, ಚಿತ್ರ ತಾನ ಮರಳು ತೋರಸ್ತದ. ಆ ಲಂಗರು ಎತ್ತಿಸು.”

*

“ಅದನ್ನ ಎತ್ತೂಕಿಲ್ಲ” ಎಂದಳು ಶೇವಂತಿ.

“ಮಲಗಿಸಿದ್ರೂ ಸಾಲಂಗಿಲ್ರಿ, ರೆಕ್ಕಿ ಹೊಳೀತಾವ. ಅಲ್ಲಿಂದ ದೂರ ಒಯ್ಯಬೇಕು. ತಗಡಿನ ಗ್ವಾಡಿ ಇರೋ ಕೋಣಿ ಇದ್ರ ಅದರೊಳಗ.”

“ಅಂವ ನೀರ ಮೇಲೆ ಇರೂ ತನಕ ಎತ್ತೂಕಿಲ್ಲ.”

ಯಾಕೆ ಎಂದು ಮುಮ್ತಾಜ್ ಕೇಳಿದಳು. ಶೇವಂತಿ ಹೇಳಿದಳು, ಅಂಗಡಿಯ ದಾರಿ ಹೇಳುವಂತೆ, ದನಿಯಲ್ಲಿ ಏರಿಳಿತವಿಲ್ಲದೆ. ಆ ಕಡೆಯವಳು ಮೂಢನಂಬಿಕೆ ಎನ್ನಲಿಲ್ಲ.

“ನಾ ಹೇಳಿದ್ದು ಮಶೀನಿನ ಮಾತ್ರೀ” ಎಂದಳು. “ಆ ಮಶೀನಿಗೆ ಕಲಿಸಿದಾಕಿ ನಾನ. ತಪ್ಪು ಅದರದ್ದು, ನಿಮ್ಮದಲ್ಲ. ಆದ್ರ ಅದನ್ನ ಇವತ್ತ ತಿದ್ದಾಕ ನನ್ನ ಕಡೆ ಆಗೂದಿಲ್ಲ. ನಿಮ್ಮ ಕಡೆ ಆಗ್ತದ. ಸಂಜೀಮುಂದ ಉಪಗ್ರಹ ಬರೂದ್ರೊಳಗ ಆಗಬೇಕು.”

ಶೇವಂತಿಯ ಅತ್ತೆ ಗಣಪಿ ಜಗಲಿಯ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಕುಸುಮಿ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಸುಬ್ರಾಯ ಕೋಲು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದ. ಶೇವಂತಿ ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಿದಳು.

“ಲಂಗರು ಕಂಡ್ರೆ ದೋಣಿ ಅಂತದ್ಯಾ ಅದು?” ಎಂದ ಸುಬ್ರಾಯ. “ನಮ್ಮ ಹೆಂಗಸ್ರು ಲಂಗರು ನಿಲ್ಸೂದೇ ದೋಣಿ ಇಲ್ಲ ಅಂತ ಹೇಳೂಕೆ. ಅಷ್ಟೂ ತಿಳಿಯೂದಿಲ್ಲಾ ಅವ್ರಿಗೆ?”

“ಯಾರು ಹೇಳಿದ್ರು ಅವ್ರಿಗೆ?” ಎಂದಳು ಗಣಪಿ. “ನೀ ಹೇಳಿದ್ಯಾ?”

“ಎತ್ತೂಕಿಲ್ಲ, ಗಣಪಕ್ಕ. ನನ್ನ ಮಗನೂ ಅದರಲ್ಲೇ ಇದ್ದ. ಅವ್ರು ಇನ್ನೂ ನೀರ ಮೇಲಿದ್ರೆ, ನಾವೇ ಬಾಗ್ಲು ಹಾಕಿದ ಹಂಗೆ ಆಗ್ತದೆ.”

“ಹಡಗು ಹೋಗದಿದ್ರೆ?” ಎಂದಳು ಗಣಪಿ.

ಕುಸುಮಿಯ ಕೈ ಗಣಪಿಯ ಮಂಡಿಯ ಮೇಲೆ ಅಲ್ಲಿಯೇ ನಿಂತಿತ್ತು.

ಗಣಪಿ ಸೊಸೆಯ ಕಡೆ ತಿರುಗಿದಳು. “ನಿನ್ನ ಮಾವ ಹೋದಾಗ ನಾ ಒಂದು ವರ್ಷ ನಿಲ್ಸಿಟ್ಟೆ ಲಂಗರ. ದಿನಾ ಎಣ್ಣೆ ಹಚ್ದೆ. ಒಬ್ರಿಗೂ ಮುಟ್ಟೂಕೆ ಬಿಡ್ಲಿಲ್ಲ. ಅಂವ ಬಂದ್ನಾ?” ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ಹಂಗಂತ ಎತ್ತು ಅಂತ ನಾ ಹೇಳೂದಿಲ್ಲ. ಎತ್ತಬೇಡ ಅಂತಲೂ ಹೇಳೂದಿಲ್ಲ. ನಿಲ್ಸಿದವ್ಳು ನೀನು.”

ಎತ್ತಿದವಳ ಮೇಲೆ ಮಾತು ಬರುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜಟ್ಟಿ ಬಾರದೆ ಹೋದರೆ ಹಡಗು ತಡವಾದ್ದರಿಂದ ಎಂದು ಯಾರೂ ಹೇಳುವುದಿಲ್ಲ. ಹೆಂಡತಿ ಲಂಗರು ಎತ್ತಿದ್ದರಿಂದ ಎಂದೇ ಹೇಳುವುದು. ಇಪ್ಪತ್ತು ವರ್ಷ ಕಳೆದರೂ, ಬಾವಿಕಟ್ಟೆಯಲ್ಲಿ, ಮೀನುಪೇಟೆಯಲ್ಲಿ.

ಶೇವಂತಿ ಎದ್ದು ಸೆರಗು ಸಿಕ್ಕಿಸಿಕೊಂಡು ದಡಕ್ಕೆ ನಡೆದಳು. ಧೈರ್ಯ ಬಂದಿತ್ತು ಎಂದೇನೂ ಅಲ್ಲ. ಕೂತಿದ್ದವಳು ಎದ್ದಳು, ಎದ್ದವಳು ನಡೆದಳು, ಅಷ್ಟೇ. ಮಳೆ ಹನಿಯುತ್ತಿತ್ತು. ಲಂಗರಿನ ತಣ್ಣನೆಯ ರೆಕ್ಕೆಗೆ ಕೈ ಹಾಕಿ ಎಳೆದಳು. ಮರಳು ಹಿಡಿದುಕೊಂಡಿತ್ತು. ಮತ್ತೊಮ್ಮೆ ಎಳೆದಳು.

ಎದುರಿನ ರೆಕ್ಕೆಗೆ ಇನ್ನೆರಡು ಕೈ ಬಿದ್ದವು. ಕುಸುಮಿಯ ಕೈಗಳು, ಎಣ್ಣೆ ಇನ್ನೂ ಒರೆಸದವು.

“ನೀ ಮುಟ್ಟಬೇಡ” ಎಂದಳು ಶೇವಂತಿ. “ಮಾತು ಬತ್ತದೆ.”

“ಭಾರ ಅದೆ. ಒಬ್ಳಿಗೆ ಎತ್ತೂಕಾಗೂದಿಲ್ಲ” ಎಂದಳು ಕುಸುಮಿ.

ಲಂಗರು ಮೇಲೆ ಬಂತು. ಅದು ನಿಂತಿದ್ದ ಗುಂಡಿಯಲ್ಲಿ ಕೂಡಲೇ ನೀರು ತುಂಬಿತು. ಇಬ್ಬರೂ ಅದನ್ನು ಹೊತ್ತು, ದೋಣಿಗಳ ಸಾಲನ್ನು ದಾಟಿ ನಡೆದರು. ಜಗಲಿಗಳ ಮೇಲೆ ಜನ ನಿಂತು ನೋಡುತ್ತಿದ್ದರು. ತಗಡಿನ ಗೋಡೆಯಿದ್ದದ್ದು ಕೇರಿಯಲ್ಲಿ ಒಂದೇ, ಮೀನಿಗೆ ಐಸು ತುಂಬಿಡುವ ಸುಬ್ರಾಯನ ಕೋಣೆ. ಅದಕ್ಕೆ ಯಾವಾಗಲೂ ಬೀಗ.

ಅವರು ಅಲ್ಲಿಗೆ ಮುಟ್ಟಿದಾಗ ಬೀಗ ತೆರೆದಿತ್ತು. ಬಾಗಿಲು ಅರ್ಧ ಸರಿದಿತ್ತು. ಹೊಸ್ತಿಲ ಮೇಲಿನ ಖಾಲಿ ಬುಟ್ಟಿಗಳನ್ನು, ಕಾಲಿಗೆ ಅಡ್ಡ ಬರದಂತೆ, ಯಾರೋ ಪಕ್ಕಕ್ಕೆ ಜೋಡಿಸಿದ್ದರು. ಸುಬ್ರಾಯ ಸ್ವಲ್ಪ ದೂರದಲ್ಲಿ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದ. ತಾನು ಏನನ್ನೂ ನೋಡಿಲ್ಲ ಎನ್ನುವವನ ಹಾಗೆ.

*

ಸಂಜೆಯ ಸುತ್ತು ಬಂತು. ಚಿತ್ರಕೇಂದ್ರದ ಪರದೆಯ ಮೇಲೆ ಕರಾವಳಿ ತೆಂಕಣ ತುದಿಯಿಂದ ಪಟ್ಟಿಪಟ್ಟಿಯಾಗಿ ಹೊಸದಾಗುತ್ತ ಬಂತು. ಮುಮ್ತಾಜ್, ರಾಯಪ್ಪ, ಇಟಗಿ ಮೂವರೂ ನಿಂತೇ ನೋಡುತ್ತಿದ್ದರು. ಮರಳಕೇರಿಯ ಪಟ್ಟಿ ಬಂದಾಗ, ನೀಲಿ ದೋಣಿ ಇದ್ದಲ್ಲಿ ಮರಳು ಮೂಡಿತು. ಹಬ್ಬದ ಹೂ ಹೋಯಿತು. ಸದ್ದೇನೂ ಆಗಲಿಲ್ಲ. ಬಲಗಡೆಯ ಯಾದಿಯಲ್ಲಿ ಒಂದು ಸಾಲು ಸೇರಿತು: ಜಲದೀಪ, ಮೂವರು.

ಯಾರೂ ಕೈ ತಟ್ಟಲಿಲ್ಲ. ಇಟಗಿ ಹಡಗಿಗೆ ಫೋನು ಮಾಡಲು ಒಳಗೆ ಹೋದರು. ರಾಯಪ್ಪ ಮುಮ್ತಾಜಳ ಮೇಜಿನ ಮೇಲಿದ್ದ ಕೆನೆಗಟ್ಟಿದ ಚಹಾ ಚೆಲ್ಲಿ, ಬಿಸಿಯದು ತಂದಿಟ್ಟ. ಫಲಕದ ಮೇಲಿಡದೆ ಪಕ್ಕದಲ್ಲಿಟ್ಟ.

“ಆಕಿಗೆ ಹೇಳ್ರಿ, ಕಾಣಿಸ್ತು ಅಂತ” ಎಂದ.

ಮುಮ್ತಾಜ್ ಫೋನು ಮಾಡಿ ಹೇಳಿದಳು: “ದೋಣಿ ಇಲ್ಲ ಅಂತ ಚಿತ್ರಕ್ಕ ಗೊತ್ತಾತ್ರಿ.”

“ಹಾಂ” ಎಂದಳು ಶೇವಂತಿ.

ಮರುದಿನ ಹಡಗಿಗೆ ಜಲದೀಪ ಸಿಕ್ಕಿತು. ಮಗುಚಿ ತೇಲುತ್ತಿತ್ತು. ಅದರ ಬೆನ್ನಿಗೆ ಬಲೆಯ ಹಗ್ಗದಿಂದ ತಮ್ಮನ್ನು ಕಟ್ಟಿಕೊಂಡು ಇಬ್ಬರಿದ್ದರು, ಹೊನ್ನಪ್ಪ ಮತ್ತು ಪಾಂಡು. ಇಬ್ಬರಿಗೂ ಉಸಿರಿತ್ತು. ಮೂರನೆಯ ಹಗ್ಗ ಖಾಲಿ ಇತ್ತು.

ಪಾಂಡುವಿಗೆ ಮಾತು ಬಂದ ಮೇಲೆ ಹೇಳಿದ. ಜಟ್ಟಿ ಅವರ ಜೊತೆಯೇ ಇದ್ದ. ಕಾಲಿಗೆ ಏಟಾಗಿತ್ತು. ಇವರಿಬ್ಬರಿಗೂ ಹಗ್ಗ ಬಿಗಿದವನು ಅವನೇ. ಹಡಗು ಬತ್ತದೆ, ಮನೆಯವಳು ಸುಮ್ನೆ ಕೂತ್ಕಳೂದಿಲ್ಲ ಅಂತ ಹೇಳುತ್ತಲೇ ಇದ್ದ. ಎಲ್ಲಿಯ ತನಕ ಇದ್ದ ಎಂದು ಯಾರೋ ಕೇಳಿದರು. ಹಡಗು ಬರುವ ಹಿಂದಿನ ದಿನ ಬೆಳಗಿನ ತನಕ ಎಂದ ಪಾಂಡು. ಆಮೇಲೆ ದೊಡ್ಡ ಅಲೆಯೊಂದು ಬಂತು.

ಆ ಬೆಳಗ್ಗೆ ಲಂಗರು ದಡದಲ್ಲಿ ನೆಟ್ಟಗೆ ನಿಂತಿತ್ತು. ಚಿತ್ರದಲ್ಲಿ ದೋಣಿ ದಡದಲ್ಲಿತ್ತು. ರಾಯಪ್ಪನ ಫೋನು ರಿಂಗಾಗುತ್ತಿತ್ತು.

ಜಟ್ಟಿ ಆ ಬೆಳಗಿನ ತನಕ ಇದ್ದ ಎಂಬುದನ್ನು ರಾಯಪ್ಪನಿಗೆ ಹೇಳಬೇಡಿ ಎಂದು ಮುಮ್ತಾಜ್ ಇಟಗಿಯವರನ್ನು ಕೇಳಿಕೊಂಡಳು. ಅವರು ಹೇಳಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು. ಅವಳು ಎಂದಿನಂತೆ ಬಂದು ಎಂದಿನಂತೆ ಹೋದಳು. ಮನೆಯಲ್ಲಿ ತಾಯಿ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರೆ ಸರಿಯಾಗಿದೆ ಎಂದಳು. ತಾಯಿ ಆಮೇಲೆ ತಾನು ತಿಂದು ನೋಡಿ, ಉಪ್ಪೇ ಹಾಕಿರಲಿಲ್ಲವೆಂದು ತಿಳಿದು, ಮಗಳ ತಟ್ಟೆಯ ಪಕ್ಕ ಉಪ್ಪಿನ ಬಟ್ಟಲಿಟ್ಟಳು.

*

ಕೇರಿಯಲ್ಲಿ ಮಾತು ಬಂತು, ಬರುತ್ತದೆ ಎಂದು ಗೊತ್ತಿದ್ದದ್ದೇ. ಲಂಗರು ಎತ್ತಿದ್ದು ಅವಳು, ಬಾರದೆ ಉಳಿದವನು ಅವಳ ಗಂಡನೇ ನೋಡಿ ಎಂದರು. ಎತ್ತಿದ್ದರಿಂದಲೇ ಇಬ್ಬರು ಬಂದರಲ್ಲ ಎಂದು ಹೊನ್ನಪ್ಪ ಒಂದು ಸಲ ಬಾವಿಕಟ್ಟೆಯಲ್ಲಿ ಗಟ್ಟಿಯಾಗಿ ಹೇಳಿದ. ಅವನೇ ಬದುಕಿ ಬಂದವನಾದ್ದರಿಂದ ಎದುರು ಮಾತಾಡಲು ಯಾರಿಗೂ ಆಗಲಿಲ್ಲ. ಹಿಂದಿನಿಂದ ಆಡಿದರು. ಶೇವಂತಿಯ ಕಿವಿಗೆ ಅದೂ ಇದೂ ಎರಡೂ ಬಿದ್ದವು. ಯಾವುದೂ ಒಳಗಿಳಿಯಲಿಲ್ಲ.

ದಿನಗಳು ಕಳೆದ ಮೇಲೆ ಒಂದು ಬೆಳಗ್ಗೆ ದಡದ ಕಡೆ ಹೋದಾಗ, ಮನೆಲಂಗರು ತನ್ನ ಜಾಗದಲ್ಲಿ ನಿಂತಿತ್ತು. ಯಾರೋ ಎಣ್ಣೆ ಹಚ್ಚಿ ಒರೆಸಿದ್ದರು. ಸುತ್ತ ಮರಳಿನಲ್ಲಿ ಕುಸುಮಿಯ ಹೆಜ್ಜೆ ಗುರುತಿಸುವಷ್ಟು ಸ್ಪಷ್ಟವಾಗಿತ್ತು. ಅವಳ ಬಲಗಾಲು ಸ್ವಲ್ಪ ಹೊರಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಗಂಡಸಿನ ದೊಡ್ಡ ಹೆಜ್ಜೆ, ಮುದುಕನದು, ಕೋಲಿನ ಗುರುತು ಸಮೇತ. ಸುಬ್ರಾಯನದು. ಜಾಗದ ಎರಡೂ ಕಡೆಯ ದೋಣಿಗಳನ್ನು ಒಂದು ಮೊಳ ಆಚೆಗೆ ಸರಿಸಿ ಜಾಗ ಬಿಟ್ಟಿದ್ದರು.

ಧಾರವಾಡದಲ್ಲಿ ಮುಮ್ತಾಜ್ ತನ್ನ ವಿಧಾನವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಲಂಗರನ್ನು ಗುರುತಿಸಲು ಕಲಿಸುವುದು ಸುಲಭವಿತ್ತು. ಆದರೆ ಇನ್ನೊಂದು ಕೇರಿಯಲ್ಲಿ ಇನ್ನೇನೋ ನಿಲ್ಲಿಸುತ್ತಾರೆ, ಅದು ಅವಳಿಗೆ ತಿಳಿಯುವುದು ಯಾರೋ ಬಾರದೆ ಹೋದ ಮೇಲೆಯೇ. ಆದ್ದರಿಂದ ಅವಳು ಯಂತ್ರಕ್ಕೆ ಬೇರೆಯದೇ ಕಲಿಸಿದಳು: ಇಂದು ನಿಜವಾಗಿ ಕಂಡದ್ದನ್ನು ಮಾತ್ರ ತೋರಿಸು. ಹಳೆಯ ಬಿಸಿಲಿನಿಂದ ತಂದು ತುಂಬಬೇಡ. ತಿಳಿಯದಿದ್ದಲ್ಲಿ ಬೂದುಬಣ್ಣ ಬಿಡು. ಬೂದು ಬಿಟ್ಟಲ್ಲಿ ಮನೆಯವರ ಮಾತು ಕೇಳಿ ಯಾದಿಗೆ ಸೇರಿಸು.

“ಹತ್ತ ವರ್ಷ ಹಿಂದಕ್ಕ ಹೋದಂಗಾತು” ಎಂದರು ಇಟಗಿ. “ಮೋಡದ ದಿನ ಅರ್ಧಾ ಚಿತ್ರ ಬೂದು. ಜನಾ ಬೈತಾರವಾ.”

“ಬೈಲಿ ಸರ್.”

ಇಟಗಿ ಕನ್ನಡಕ ತೆಗೆದು ಒರೆಸಿದರು. “ಬೈಗಳಾ ನನ್ನ ಫೋನಿಗೆ ತಿರುಗಿಸು. ರಾಯಪ್ಪ ಸಾಕಷ್ಟು ಕೇಳ್ಯಾನ” ಎಂದರು.

ಮುಂದಿನ ಮಳೆಗಾಲ ಬಂತು. ಏಕಚಿತ್ರದ ತುಂಬ ಬೂದುಬಣ್ಣದ ತೇಪೆಗಳು. ಪತ್ರಿಕೆಗಳು ಬರೆದವು, ಜನ ಬೈದರು. ಮರಳಕೇರಿಯ ದೋಣಿಗಳೆಲ್ಲ ದಡ ಹತ್ತಿ ತಾಡಪಾಲು ಹೊದ್ದು ಮಲಗಿದ್ದವು. ಒಂದು ಮಧ್ಯಾಹ್ನ ಶೇವಂತಿ ಜಗಲಿಯಲ್ಲಿ ಕೂತು ಫೋನಿನಲ್ಲಿ ಚಿತ್ರ ತೆರೆದಳು. ವರ್ಷವೊಂದಾಗುತ್ತ ಬಂದಿತ್ತು, ಅವಳು ಅದನ್ನು ತೆರೆದಿರಲಿಲ್ಲ.

ಕೇರಿಯ ದಡ ಬರಿಯ ಬೂದುಬಣ್ಣ. ಅದರ ಮೇಲೆ ಬಿಳಿಯ ಚುಕ್ಕೆಗಳು. ನೀರಿನ ಕಡೆಗೆ ಒಂದು ಸಾಲು. ಊರ ಕಡೆಗೆ ಸರಿದು, ತಾನೊಂದೇ, ಒಂದು ಚುಕ್ಕೆ. ಅವಳು ಬೆರಳಿಟ್ಟಳು. ಬೆರಳ ತುದಿಯ ಕೆಳಗೆ ಚುಕ್ಕೆ ಮುಚ್ಚಿಹೋಯಿತು. ಎತ್ತಿದರೆ ಅಲ್ಲಿಯೇ ಇತ್ತು.

ಅವಳು ಹಳೆಯ ನಂಬರನ್ನು ಹುಡುಕಿ ಒತ್ತಿದಳು.

“ಮುಮ್ತಾಜ್ ಬಾಯಿ, ನಾ ಶೇವಂತಿ. ಮರಳಕೇರಿ.”

“ಹೇಳ್ರಿ” ಎಂದಳು ಆ ಕಡೆಯವಳು.

“ನಮ್ಮ ಜಾಗದಲ್ಲಿ ಒಂದು ಚುಕ್ಕೆ ಅದೆ. ಅದು ಎಂತದು ಅಂತ ಗೊತ್ತುಂಟಾ ಆ ಮಶೀನಿಗೆ?”

“ಇಲ್ರಿ. ಕಬ್ಬಿಣ ಅದ ಅಂತ ಗೊತ್ತು. ಏನು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬಿಟ್ಟದ.”

“ದೋಣಿ ಅನ್ನೂದಿಲ್ಲ?”

“ಅನ್ನೂದಿಲ್ರಿ.”

ಗಣಪಿ ಒಳಗೆ ಕೆಮ್ಮಿದಳು. ಕುಸುಮಿಯ ಮನೆಯಿಂದ ಹೊನ್ನಪ್ಪ ಬಲೆ ಬಿಡಿಸುತ್ತ ಯಾರನ್ನೋ ಬೈಯುವುದು ಕೇಳುತ್ತಿತ್ತು. ಗಾಳಿಗೆ ಲಂಗರು ಒಂದು ಕಡೆ ವಾಲಿದ್ದು ಜಗಲಿಯಿಂದಲೇ ಕಾಣುತ್ತಿತ್ತು. ಹೋಗಿ ನೆಟ್ಟಗೆ ಮಾಡಬೇಕು ಎಂದುಕೊಂಡಳು. ಫೋನಿನ ಆ ಕಡೆ ಉಸಿರು ಕೇಳುತ್ತಿತ್ತು, ಇಡಲೂ ಆಗದೆ ಮಾತೂ ಬಾರದೆ ಕೂತವರ ಉಸಿರು. ಆ ಉಸಿರನ್ನು ಶೇವಂತಿ ಬಲ್ಲಳು.

“ನಿಮ್ದು ಊಟ ಆಯ್ತಾ?” ಎಂದು ಕೇಳಿದಳು.